ಒಣಸಿಗಡಿ ಡಬ್ಬಿಯಲ್ಲಿ ನಲವತ್ತು ಚೀಟಿ

ಫಸ್ಟ್ ಪಿಯುಸಿಯ ಮೊದಲ ಟೆಸ್ಟಿನಲ್ಲಿ ಗಣಿತಕ್ಕೆ ನನಗೆ ಬಂದದ್ದು 50ಕ್ಕೆ 13. ಓದದೇ ಬಂದಿದ್ದರೆ ಬೇಜಾರಿರಲಿಲ್ಲ. ಓದಿದ್ದೆ! ಕುಮಟಾದಿಂದ ಸಂಜೆ ಬಸ್ಸಿಗೆ ಅಘನಾಶಿನಿ ದಂಡೆಯ ನಮ್ಮೂರಿಗೆ ಬಂದು, ಚಾ ಕುಡಿದು, ಗೈಡ್ ಬಿಡಿಸಿಕೊಂಡು ಒಂದೊಂದೇ ಲೆಕ್ಕದ ಉತ್ತರ ಓದುತ್ತಾ ಹೋಗುತ್ತಿದ್ದೆ, ಪ್ರತಿ ಸಾಲಿಗೂ ಹೌದು ಹೌದು ಅಂತ ತಲೆ ಆಡಿಸುತ್ತಾ. ಟೆಸ್ಟಿನಲ್ಲಿ ಅಂಥದ್ದೇ ಲೆಕ್ಕ ಬಂದಾಗ ಮೊದಲ ಸಾಲೇ ಹೊಳೆಯಲಿಲ್ಲ.

ಎಲ್ಲಿ ತಪ್ಪಿದೆ ಅಂತ ಗೊತ್ತಾಗೋಕೆ ಒಂದು ವಾರ ಬೇಕಾಯ್ತು. ಪುಸ್ತಕದಲ್ಲಿ ಅಭ್ಯಾಸದ ತಲೆಬರಹವೇ ಅರ್ಧ ಉತ್ತರ ಹೇಳಿಬಿಡುತ್ತೆ. ಕಾಂಬಿನೇಶನ್ ಪಾಠದ ಕೊನೆಯಲ್ಲಿರುವ ಲೆಕ್ಕಕ್ಕೆ ಕಾಂಬಿನೇಶನ್ನೇ ಹಾಕಬೇಕು ಅಂತ ಯಾರೂ ಹೇಳಬೇಕಿಲ್ಲ, ಅಲ್ವಾ? ಪ್ರಶ್ನೆಪತ್ರಿಕೆಯಲ್ಲಿ ಆ ತಲೆಬರಹ ಇರಲ್ಲ. ಯಾವ ದಾರಿ ಹಿಡಿಯಬೇಕು ಅನ್ನೋದನ್ನೇ ನಾನು ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ.

ಅತ್ತೆ ಒಣಸಿಗಡಿ ಹಾಕಿಡುತ್ತಿದ್ದ ಹಳೇ ಡಬ್ಬಿ ಒಂದಿತ್ತು. ತೊಳೆದು ಒಣಗಿಸಿ, ಅದರಲ್ಲಿ ನಲವತ್ತು ಚೀಟಿ ಹಾಕಿದೆ. ಸಂಭವನೀಯತೆ, ತ್ರಿಕೋನಮಿತಿ, ಪರ್ಮ್ಯುಟೇಶನ್-ಕಾಂಬಿನೇಶನ್, ಸರಳರೇಖೆ, ಒಂದೊಂದರಿಂದ ಹತ್ತು ಲೆಕ್ಕ. ಪಾಠದ ಹೆಸರು ಬಿಟ್ಟು ಬರೀ ಲೆಕ್ಕವನ್ನಷ್ಟೇ ಬರೆದಿದ್ದೆ. ದಿನಾ ಸಂಜೆ ಮೂರು ಚೀಟಿ ಎತ್ತೋದು. ಇಪ್ಪತ್ತು ನಿಮಿಷ ಗೈಡ್ ಮುಟ್ಟೋ ಹಾಗಿಲ್ಲ. ಆಗಲೂ ಬರದಿದ್ದರೆ ಗೈಡಿನ ಒಂದೇ ಒಂದು ಸಾಲು ನೋಡಿ ಮುಚ್ಚಿಡಬೇಕು. ಸರಿ ಬಂದ ಲೆಕ್ಕದ ಬದಲಿಗೆ ಅದೇ ಪಾಠದ ಹೊಸದೊಂದು ಚೀಟಿ ಒಳಗೆ ಹೋಗುತ್ತೆ, ತಪ್ಪಾದದ್ದು ಕೆಂಪು ಚುಕ್ಕೆ ಹಾಕಿಸಿಕೊಂಡು ಅದೇ ವಾಪಸ್ ಹೋಗುತ್ತೆ. ಚೀಟಿಗಳಿಗೆ ಕೊನೇವರೆಗೂ ಸಿಗಡಿ ವಾಸನೆ ಇತ್ತು, ಬೆಕ್ಕು ಎರಡು ಸಲ ಡಬ್ಬಿ ಉರುಳಿಸಿದೆ.

ಮೊದಲ ತಿಂಗಳು ನನ್ನ ಒಂದೇ ಪ್ರಾರ್ಥನೆ, ಇವತ್ತು ತ್ರಿಕೋನಮಿತಿ ಬರದೇ ಇರಲಿ. ಒಂದು ದಿನ ಮಳೆಗೆ ಕರೆಂಟ್ ಹೋಗಿ ಮೇಣದಬತ್ತಿ ಹಚ್ಚಿ ಕೂತಿದ್ದಾಗ, ಈ ಪ್ರಾರ್ಥನೆ ಫಲಿಸೋ ಸಂಭವ ಎಷ್ಟು ಅಂತಲೇ ಲೆಕ್ಕ ಹಾಕಿದೆ. ಉಳಿದ ಮೂವತ್ತರಲ್ಲೇ ಮೂರೂ ಬರಬೇಕು. ಮೊದಲನೆಯದಕ್ಕೆ 30/40, ಅದು ಕೈಯಲ್ಲಿದೆ ಅಂದಮೇಲೆ ಎರಡನೆಯದಕ್ಕೆ 29/39, ಮೂರನೆಯದಕ್ಕೆ 28/38. ಗುಣಿಸಿದರೆ ಸುಮಾರು 0.41. ಅಂದರೆ ಒಂದಾದರೂ ತ್ರಿಕೋನಮಿತಿ ಬರೋದು 0.59! ನೂರಕ್ಕೆ ಐವತ್ತೊಂಬತ್ತು ದಿನ ಅಳಬೇಕು ಅಂತಾಯ್ತು. 'ಕನಿಷ್ಠ ಒಂದು' ಅಂತ ಕಂಡ ಕೂಡಲೇ 'ಒಂದೂ ಇಲ್ಲ' ಅನ್ನೋದನ್ನು ಹುಡುಕಿ 1ರಿಂದ ಕಳೆಯಬೇಕು ಅನ್ನೋದು ಅವತ್ತಿನಿಂದ ಮರೆತಿಲ್ಲ. ಚೀಟಿ ವಾಪಸ್ ಹಾಕಿ ಎತ್ತಿದರೆ ಛೇದ 40ರಲ್ಲೇ ನಿಲ್ಲುತ್ತೆ, ಕೈಯಲ್ಲೇ ಇಟ್ಟುಕೊಂಡರೆ ಇಳಿಯುತ್ತೆ. ಷರತ್ತುಬದ್ಧ ಸಂಭವನೀಯತೆ ಅಂತ ಮುಂದೆ ಸೆಕೆಂಡ್ ಪಿಯುಸಿಯಲ್ಲಿ ಎಲ್ಲರೂ ಹೆದರಿದ್ದು ಇದಕ್ಕೇನೇ.

ಇನ್ನೊಂದು ಗೊಂದಲವೂ ಡಬ್ಬಿಯಿಂದಲೇ ಬಗೆಹರಿಯಿತು. ಪರಸ್ಪರ ಹೊರಗಿಡುವ ಘಟನೆಗಳು ಅಂದರೆ ಸ್ವತಂತ್ರ ಘಟನೆಗಳು ಅಂತಲೇ ನಾನು ತಿಳಿದಿದ್ದೆ, ಕ್ಲಾಸಿನಲ್ಲಿ ಅರ್ಧ ಜನರದ್ದೂ ಅದೇ ಕತೆ. ಒಂದೇ ಚೀಟಿ ತ್ರಿಕೋನಮಿತಿಯದ್ದೂ ಸರಳರೇಖೆಯದ್ದೂ ಆಗಲ್ಲ. ತ್ರಿಕೋನಮಿತಿ ಬಂತು ಅಂದ ಕೂಡಲೇ ಸರಳರೇಖೆಯ ಸಂಭವ ಸೊನ್ನೆಗೆ ಬಿತ್ತು. ಒಂದು ಇನ್ನೊಂದನ್ನು ಇಷ್ಟು ಕಾಡುತ್ತಿದ್ದರೆ ಅವು ಸ್ವತಂತ್ರ ಹೇಗಾದೀತು?

ತ್ರಿಕೋನಮಿತಿಗೆ ಮಾತ್ರ ಡಬ್ಬಿ ಸಾಕಾಗಲಿಲ್ಲ. ಸೂತ್ರಗಳನ್ನು ಕಡಿಮೆ ಮಾಡಿಕೊಂಡೆ. ಸೈನ್ (ಎ+ಬಿ), ಕಾಸ್ (ಎ+ಬಿ), ಮತ್ತೆ ಸೈನ್ ವರ್ಗ ಕೂಡಿಸು ಕಾಸ್ ವರ್ಗ ಸಮ 1, ಇಷ್ಟೇ ಬಾಯಿಪಾಠ. ಬಿ ಇದ್ದಲ್ಲಿ ಎ ಹಾಕಿದರೆ ದುಪ್ಪಟ್ಟು ಕೋನದ್ದು ಬರುತ್ತೆ, ಭಾಗಿಸಿದರೆ ಟ್ಯಾನ್ ಬರುತ್ತೆ. ಸಾಧಿಸುವ ಲೆಕ್ಕದಲ್ಲಿ ನಡುವೆ ಅನುಮಾನ ಬಂದರೆ 30 ಡಿಗ್ರಿ ಹಾಕಿ ಎರಡೂ ಬದಿ ನೋಡುತ್ತಿದ್ದೆ. 45 ಹಾಕಬೇಡಿ, ಅಲ್ಲಿ ಸೈನ್ ಕಾಸ್ ಎರಡೂ ಒಂದೇ ಆಗಿ, ತಪ್ಪಾದ ಸಾಲೂ ಸರಿ ಅಂತ ಕಾಣುತ್ತೆ. ತಾಳೆ ಆಯ್ತು ಅಂದ ಮಾತ್ರಕ್ಕೆ ಸಾಧಿಸಿದಂತೆಯೂ ಅಲ್ಲ, ತಪ್ಪು ಬೇಗ ಸಿಕ್ಕಿಬೀಳುತ್ತೆ ಅಷ್ಟೇ. ಮೊಬೈಲಿನಲ್ಲಿ ನೋಡುವವರು ಅದು ಡಿಗ್ರಿ ಬಿಟ್ಟು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದೆಯಾ ಅಂತ ಮೊದಲು ನೋಡಿ. ನನಗೆ ಸೈನ್ 30 ಅಂದರೆ ಮೈನಸ್ 0.988 ಅಂತ ತೋರಿಸಿ ಒಂದು ಸಂಜೆ ಪೂರ್ತಿ ಹಾಳು ಮಾಡಿತ್ತು.

ಆದರೂ ಸಾಮಾನ್ಯ ಪರಿಹಾರ, ಅಂದರೆ ಒಂದು ಸಮೀಕರಣದ ಎಲ್ಲ ಉತ್ತರಗಳನ್ನೂ ಒಂದೇ ಸಾಲಿನಲ್ಲಿ ಹೇಳೋದು, ತಲೆಗೆ ಹತ್ತಿರಲಿಲ್ಲ. ಕಾಸ್ ಎಕ್ಸ್ ಸಮ 1/2 ಅಂದರೆ ಉತ್ತರ 2ಎನ್‌ಪೈ ಪ್ಲಸ್ ಆರ್ ಮೈನಸ್ ಪೈ/3 (ಪೈ/3 ಅಂದರೆ 60 ಡಿಗ್ರಿ). ಆ ಪ್ಲಸ್ ಆರ್ ಮೈನಸ್ ಪ್ರತಿ ಸಲ ಬಿಟ್ಟುಹೋಗುತ್ತಿತ್ತು. ಒಂದು ಭಾನುವಾರ ಅತ್ತೆಯ ಜೊತೆ ಬಳಚು (ಚಿಪ್ಪುಮೀನು) ಹೆಕ್ಕೋಕೆ ಹೊಳೆಗೆ ಹೊರಟಿದ್ದೆ, ನೀರು ಆಗಲೇ ಇಳಿಯುತ್ತಿತ್ತು. ನಾನು ಇಳಿಯಲು ಹೋದರೆ ಅತ್ತೆ, "ತಡಿಯೇ ಮಾರಾಯ್ತಿ, ಆ ಕಲ್ಲು ಕಾಣಲಿ" ಅಂದರು. ಉಬ್ಬರಕ್ಕೆ ಎಷ್ಟು ಹೊತ್ತು ಮೊದಲು ಆ ಕಲ್ಲು ಮುಳುಗುತ್ತೋ, ಸುಮಾರು ಅಷ್ಟೇ ಹೊತ್ತು ನಂತರ ಮತ್ತೆ ಕಾಣುತ್ತೆ ಅಂತ ಅವರ ಲೆಕ್ಕ.

ದಂಡೆ ಮೇಲೆ ನಿಂತಲ್ಲೇ ಹೊಳೆಯಿತು. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ತಾಸು 25 ನಿಮಿಷ, ಅದನ್ನು 360 ಡಿಗ್ರಿ ಅನ್ನೋಣ. ಉಬ್ಬರದ ಹೊತ್ತು ಸೊನ್ನೆ. ಕಲ್ಲಿನ ತಲೆ, ನೀರಿನ ನಡುಮಟ್ಟಕ್ಕೂ ಉಬ್ಬರದ ಮಟ್ಟಕ್ಕೂ ಸರಿಯಾಗಿ ಮಧ್ಯದಲ್ಲಿದೆ ಅಂತಿಟ್ಟುಕೊಂಡರೆ ಅದೇ ಕಾಸ್ ಎಕ್ಸ್ ಸಮ 1/2. ಮೈನಸ್ 60 ಡಿಗ್ರಿ ಅಂದರೆ ಉಬ್ಬರಕ್ಕೆ ಎರಡು ತಾಸು ಮೊದಲು ಕಲ್ಲು ಮುಳುಗಿತು, ಪ್ಲಸ್ 60 ಅಂದರೆ ಎರಡು ತಾಸು ನಂತರ ಕಂಡಿತು. ಎನ್ ಅಂದರೆ ಎಷ್ಟನೇ ಉಬ್ಬರ ಅಂತ. ನಿಜವಾದ ನೀರು ಇಷ್ಟು ನೀಟಾಗಿ ಏರಿಳಿಯಲ್ಲ, ಒಂದೇ ದಿನದ ಎರಡು ಉಬ್ಬರಗಳೂ ಸಮ ಇರಲ್ಲ, ಆದರೆ ನನ್ನ ಪರೀಕ್ಷೆಗೆ ಅಷ್ಟು ಸಾಕಿತ್ತು. ಮನೆಗೆ ಬಂದು ತ್ರಿಕೋನಮಿತಿಯಲ್ಲಿ ಸಾಮಾನ್ಯ ಪರಿಹಾರ ಕೇಳುವ ಚೀಟಿಗಳನ್ನೆಲ್ಲ ಹೆಕ್ಕಿ ತೆಗೆದು, ಒಂದೊಂದಕ್ಕೂ ಏರಿಳಿತದ ಗೆರೆ ಎಳೆದು, ಕಲ್ಲು ಎಲ್ಲಿದೆ ಅಂತ ಅಡ್ಡಗೆರೆ ಹಾಕಿದೆ. ಗೆರೆ ಎಷ್ಟು ಕಡೆ ಕತ್ತರಿಸುತ್ತೋ ಅಷ್ಟು ಉತ್ತರ.

ಅತ್ತೆಗೆ ಖುಷಿಯಿಂದ ತೋರಿಸಿದೆ. ಅವರು ಬಳಚು ಬಿಡಿಸುತ್ತಲೇ ಒಮ್ಮೆ ನೋಡಿ, "ಮತ್ತೆ ನನ್ನ ಡಬ್ಬಿ ಯಾವಾಗ ಕೊಡ್ತೆ?" ಅಂತ ಕೇಳಿದರು.