ಮಾಜಿ ಸೈನಿಕರ ದಿನನಿತ್ಯದ ಅಗತ್ಯಗಳಿಗೆ ಊರಿನ ಸಂಘಗಳು ನೆರವಾಗುವುದು ಹೇಗೆ?

ಪ್ರತಿ ವರ್ಷ ಡಿಸೆಂಬರ್ 7ರಂದು, 1949ರಿಂದ ನಡೆದುಬಂದಿರುವ ಸಶಸ್ತ್ರ ಪಡೆಗಳ ಧ್ವಜ ದಿನದಂದು, ನಮ್ಮ ಊರುಗಳಲ್ಲಿ ಮಾಜಿ ಸೈನಿಕರಿಗೆ ಶಾಲು ಹೊದಿಸಿ ಗೌರವಿಸುವುದುಂಟು. ಆ ಗೌರವ ಸಲ್ಲಬೇಕಾದದ್ದೇ. ಆದರೆ ಉಳಿದ ದಿನಗಳಲ್ಲಿ ಅವರಿಗೆ ಎದುರಾಗುವ ತೊಂದರೆಗಳು ಬೇರೆ: ಪಿಂಚಣಿ ಇದ್ದಕ್ಕಿದ್ದಂತೆ ನಿಂತಿರುತ್ತದೆ, ಸಕ್ಕರೆ ಕಾಯಿಲೆಯ ಮಾತ್ರೆ ತರಲು ಮಾಜಿ ಸೈನಿಕರಿಗೆಂದೇ ಇರುವ ದೂರದ ಚಿಕಿತ್ಸಾಲಯಕ್ಕೆ, ಅಂದರೆ ಪಾಲಿಕ್ಲಿನಿಕ್‌ಗೆ, ಹೋಗಬೇಕಾಗಿರುತ್ತದೆ, ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಯ ಅರ್ಜಿ ಬರೆಯುವವರೇ ಇರುವುದಿಲ್ಲ. ಕೊಡಗಿನಿಂದ ಬೆಳಗಾವಿಯವರೆಗೆ ಸೇನೆಗೆ ಮಕ್ಕಳನ್ನು ಕಳುಹಿಸಿದ ಹಳ್ಳಿಗಳಲ್ಲಿ ಯುವಕ ಮಂಡಲ, ಮಹಿಳಾ ಸಂಘ, ಮಾಜಿ ಸೈನಿಕರ ಸಂಘ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಇಂಥ ಸಂಘವೊಂದು ದೊಡ್ಡ ಹಣವಿಲ್ಲದೆಯೂ ಈ ಕೆಲಸವನ್ನು ಕೈಗೆತ್ತಿಕೊಳ್ಳಬಹುದು. ಸರ್ಕಾರದಿಂದ ಬರಬೇಕಾದದ್ದನ್ನು ಮೊದಲು ಬರುವಂತೆ ಮಾಡಿ, ಆಮೇಲೂ ಉಳಿಯುವ ಕೊರತೆಗೆ ಮಾತ್ರ ಸಂಘದ ಹಣ ಬಳಸುವುದು ಸರಿಯಾದ ಕ್ರಮ ಎಂಬುದು ಈ ಲೇಖನದ ನಿಲುವು.

ಮನೆಗಳ ಪಟ್ಟಿಯಿಂದ ಆರಂಭಿಸಿ

ಸಂಘದ ಇಬ್ಬರು ಸದಸ್ಯರು, ಅವರಲ್ಲಿ ಒಬ್ಬರು ಮಹಿಳೆಯಾಗಿದ್ದರೆ ಒಳ್ಳೆಯದು, ಊರಿನ ಪ್ರತಿ ಮಾಜಿ ಸೈನಿಕರ ಮನೆಗೂ ಹೋಗಿ ಬರಬೇಕು. ಸೈನಿಕರ ಪತ್ನಿಯರ, ಅದರಲ್ಲೂ ಒಂಟಿಯಾಗಿರುವ ವೃದ್ಧೆಯರ ಮನೆಗಳನ್ನು ಬಿಡಬಾರದು. ಸಭೆಗಳಿಗೆ ಬಾರದ ಇವರೇ ಹೆಚ್ಚಾಗಿ ಪಟ್ಟಿಯಿಂದ ತಪ್ಪಿಹೋಗುತ್ತಾರೆ. ಸೇವೆಯಲ್ಲಿದ್ದ ವರ್ಷಗಳು, ನಿವೃತ್ತರಾದ ವರ್ಷ, ಪಿಂಚಣಿ ಬರುತ್ತಿದೆಯೇ ಇಲ್ಲವೇ, ಔಷಧ ಎಲ್ಲಿಂದ ತರುತ್ತಾರೆ, ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂಬ ಕೆಲವೇ ವಿವರಗಳು ಸಾಕು. ‘ನಿಮಗೇನು ಸಹಾಯ ಬೇಕು?’ ಎಂದು ನೇರವಾಗಿ ಕೇಳಿದರೆ ಬಹುತೇಕ ಹಿರಿಯರು ‘ಏನೂ ಬೇಡಪ್ಪ, ಚೆನ್ನಾಗಿದ್ದೇವೆ’ ಎಂದೇ ಉತ್ತರಿಸುತ್ತಾರೆ. ‘ಕಳೆದ ತಿಂಗಳು ಪಿಂಚಣಿ ಬಂತೇ, ಮಾತ್ರೆ ಸಿಕ್ಕಿತೇ’ ಎಂದು ಕೇಳಿದರೆ ನಿಜಸ್ಥಿತಿ ತಿಳಿಯುತ್ತದೆ.

ಪಟ್ಟಿ ಸಿದ್ಧವಾದ ಮೇಲೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬೇಕು. ಕಚೇರಿ ಎಲ್ಲ ಜಿಲ್ಲೆಗಳಲ್ಲೂ ಇಲ್ಲ. ಉಡುಪಿಯವರು ಮಂಗಳೂರಿನ ಕಚೇರಿಗೆ ಹೋಗಬೇಕಾಗುವಂತೆ, ಒಂದೇ ಕಚೇರಿ ಒಂದಕ್ಕಿಂತ ಹೆಚ್ಚು ಜಿಲ್ಲೆಗಳನ್ನು ನೋಡಿಕೊಳ್ಳುವುದುಂಟು. ಆ ದೂರವನ್ನು ತಗ್ಗಿಸುವುದೇ ಊರಿನ ಸಂಘದಿಂದ ಆಗಬಹುದಾದ ಮೊದಲ ಉಪಕಾರ.

ಕಾಗದಪತ್ರಗಳ ಪರಿಶೀಲನೆ

ಹೆಚ್ಚು ತಾಳ್ಮೆ ಬೇಕಾಗುವುದು ಈ ಹಂತದಲ್ಲಿ. ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಬುಕ್, ಪಿಂಚಣಿ ಮಂಜೂರಾತಿ ಆದೇಶ ಅಂದರೆ ಪಿಪಿಒ, ಮಾಜಿ ಸೈನಿಕರ ಗುರುತಿನ ಚೀಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಇವನ್ನು ಎದುರಿಗಿಟ್ಟುಕೊಂಡು ಹೆಸರು ಮತ್ತು ಜನ್ಮದಿನಾಂಕಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಬೇಕು. ಪತ್ನಿಯ ಹೆಸರು ಡಿಸ್ಚಾರ್ಜ್ ಬುಕ್‌ನಲ್ಲಿ ‘ಲಕ್ಷ್ಮವ್ವ’ ಎಂದೂ ಆಧಾರ್‌ನಲ್ಲಿ ‘ಲಕ್ಷ್ಮೀಬಾಯಿ’ ಎಂದೂ ಇರುವುದು, ಮದುವೆಯ ನಂತರ ಬದಲಾದ ಹೆಸರು ಸೇನೆಯ ದಾಖಲೆಗೆ ಸೇರದೇ ಇರುವುದು, ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇರುವುದು ಇವೆಲ್ಲ ಸಾಮಾನ್ಯ. ಗಂಡ ಬದುಕಿರುವಾಗ ಇದರಿಂದ ಯಾವ ಅಡಚಣೆಯೂ ಕಾಣುವುದಿಲ್ಲ. ಅವರು ತೀರಿಕೊಂಡ ಮರುದಿನದಿಂದ ಇದೇ ವ್ಯತ್ಯಾಸ ಕುಟುಂಬ ಪಿಂಚಣಿಯನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಬಲ್ಲದು. ಆದುದರಿಂದ ಸೈನಿಕರ ಸಹಿ ಇನ್ನೂ ಸಿಗುವಾಗಲೇ ಜಿಲ್ಲಾ ಕಚೇರಿಯ ಮಾರ್ಗದರ್ಶನದಲ್ಲಿ ಅವರ ರೆಜಿಮೆಂಟಿನ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿಗೆ ಅರ್ಜಿ, ಪ್ರಮಾಣಪತ್ರ (ಅಫಿಡವಿಟ್) ಮತ್ತು ಪೂರಕ ದಾಖಲೆಗಳನ್ನು ಕಳುಹಿಸಿ ತಿದ್ದುಪಡಿ ಮಾಡಿಸಬೇಕು. ಸಂಘದ ಕೆಲಸಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವಂಥದ್ದು ಇನ್ನೊಂದಿಲ್ಲ ಎನ್ನಬಹುದು.

ಜನ್ಮದಿನಾಂಕ ಸರಿಯಿರುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಪಿಂಚಣಿದಾರರಿಗೆ ಮತ್ತು ಕುಟುಂಬ ಪಿಂಚಣಿದಾರರಿಗೆ 80 ವರ್ಷ ತುಂಬಿದಾಗ ಮೂಲ ಪಿಂಚಣಿಯ ಶೇ 20ರಷ್ಟು, 85ಕ್ಕೆ ಶೇ 30ರಷ್ಟು, 90ಕ್ಕೆ ಶೇ 40ರಷ್ಟು, 95ಕ್ಕೆ ಶೇ 50ರಷ್ಟು, 100 ವರ್ಷಕ್ಕೆ ಶೇ 100ರಷ್ಟು ಹೆಚ್ಚುವರಿ ಮೊತ್ತ ಸಲ್ಲಬೇಕು. ದಾಖಲೆಯಲ್ಲಿ ಪತ್ನಿಯ ಜನ್ಮದಿನಾಂಕವೇ ಇಲ್ಲದಿದ್ದರೆ 80 ದಾಟಿದ ತಾಯಿಗೆ ಈ ಹೆಚ್ಚಳ ಸಿಗದೇ ಹೋಗಬಹುದು. ಪಟ್ಟಿಯಲ್ಲಿ 80ರ ಆಸುಪಾಸಿನವರ ಹೆಸರಿನ ಮುಂದೆ ಗುರುತು ಹಾಕಿಟ್ಟುಕೊಂಡು ಅವರ ಪಾಸ್‌ಬುಕ್ಕನ್ನು ವಿಶೇಷವಾಗಿ ಗಮನಿಸಬೇಕು.

ಮೂಲ ದಾಖಲೆಗಳನ್ನು ಸಂಘದ ವಶದಲ್ಲಿ ಇಟ್ಟುಕೊಳ್ಳಬಾರದು. ಜೆರಾಕ್ಸ್ ಪ್ರತಿ ಮಾಡಿಸಿ ಅಂದೇ ಹಿಂತಿರುಗಿಸಬೇಕು. ಎಟಿಎಂ ಪಿನ್ ಕೇಳಬಾರದು. ಒಟಿಪಿ ಬೇಕಾಗುವ ಕೆಲಸವನ್ನು ಅವರ ಮನೆಯಲ್ಲೇ, ಅವರ ಎದುರಿಗೇ, ಸಾಧ್ಯವಾದರೆ ಮನೆಯವರೊಬ್ಬರ ಸಮಕ್ಷಮ ಮಾಡಬೇಕು. ಪಿಂಚಣಿ ನಿಲ್ಲುತ್ತದೆ ಎಂದು ಫೋನಿನಲ್ಲಿ ಹೆದರಿಸಿ ವಯಸ್ಸಾದವರ ಹಣ ದೋಚುವವರು ಇರುವ ಕಾಲದಲ್ಲಿ ಸಂಘದವರ ಮೇಲೆ ಸಣ್ಣ ಅನುಮಾನಕ್ಕೂ ಆಸ್ಪದ ಇರಬಾರದು.

ನವೆಂಬರ್ ತಿಂಗಳ ಕೆಲಸ

ರಕ್ಷಣಾ ಪಿಂಚಣಿಗಳು ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಪಾವತಿಯಾಗುತ್ತಿವೆ. ಪಿಂಚಣಿದಾರರು ಬದುಕಿದ್ದಾರೆ ಎಂದು ತೋರಿಸುವ ಜೀವಿತ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಸಲ್ಲಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಸಲ್ಲಿಸುವ ಇದನ್ನು 80 ದಾಟಿದವರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ಗದ್ದೆ ತೋಟಗಳಲ್ಲಿ ದುಡಿದು ಸವೆದ ಬೆರಳಿನ ಗುರುತನ್ನು ಯಂತ್ರ ಹಿಡಿಯದೇ ಇರುವುದುಂಟು. ಅಂಥವರಿಗೆ ಸ್ಮಾರ್ಟ್‌ಫೋನಿನಲ್ಲಿ ಮುಖ ಗುರುತಿಸುವ ಸೌಲಭ್ಯದಿಂದ ಮನೆಯಲ್ಲೇ ಕೆಲಸ ಮುಗಿಯುತ್ತದೆ. ಫೋನ್ ಬಳಕೆ ಬಲ್ಲ ಕಾಲೇಜು ವಿದ್ಯಾರ್ಥಿಯೊಬ್ಬರಿಗೆ ಸಂಘ ಈ ಹೊಣೆಯನ್ನು ವಹಿಸಬಹುದು. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಕೂಡ ಮನೆಬಾಗಿಲಿಗೆ ಬಂದು ಮಾಡಿಕೊಡುತ್ತಾರೆ. ಯಾರು ಮಾಡಿದರೂ, ಅರ್ಜಿ ಅಂಗೀಕಾರವಾಗಿದೆಯೇ ಎಂದು ಕೆಲವು ದಿನಗಳ ನಂತರ ನೋಡಿಕೊಳ್ಳಬೇಕು.

ಔಷಧ ಮತ್ತು ಆಸ್ಪತ್ರೆ

ಮಾಜಿ ಸೈನಿಕರ ಕೊಡುಗೆ ಆಧಾರಿತ ಆರೋಗ್ಯ ಯೋಜನೆ, ಅಂದರೆ ಇಸಿಎಚ್‌ಎಸ್, 2003ರ ಏಪ್ರಿಲ್ 1ರಂದು ಆರಂಭವಾಯಿತು. ಅದಕ್ಕೂ ಮೊದಲು ನಿವೃತ್ತರಾದವರಲ್ಲಿ ಸದಸ್ಯರಾಗದೇ ಉಳಿದವರು ಇದ್ದಾರೆ; 1996ರ ಜನವರಿ 1ಕ್ಕಿಂತ ಮೊದಲು ನಿವೃತ್ತರಾದ ಪಿಂಚಣಿದಾರರಿಗೆ ಸದಸ್ಯತ್ವದ ಶುಲ್ಕವೇ ಇಲ್ಲ ಎಂಬುದನ್ನು ಅವರಿಗೆ ತಿಳಿಸಬೇಕು. ಕಾರ್ಡ್ ಇದ್ದವರಿಗೆ ಇರುವ ತೊಂದರೆ ಹೆಚ್ಚಾಗಿ ಪ್ರಯಾಣದ್ದು. ಒಂದೇ ದಾರಿಯಲ್ಲಿರುವ ನಾಲ್ಕೈದು ಮನೆಯವರನ್ನು ತಿಂಗಳಿಗೊಮ್ಮೆ ಒಂದೇ ಜೀಪಿನಲ್ಲಿ ಪಾಲಿಕ್ಲಿನಿಕ್‌ಗೆ ಕರೆದೊಯ್ದು, ಸಾಧ್ಯವಾದರೆ ಅದೇ ಸುತ್ತಿನಲ್ಲಿ ಸೈನಿಕರಿಗೆ ಕಡಿಮೆ ದರದಲ್ಲಿ ಸಾಮಾನು ಸಿಗುವ ಸಿಎಸ್‌ಡಿ ಕ್ಯಾಂಟೀನಿಗೂ ಹೋಗಿಬಂದರೆ, ಔಷಧವೂ ದಿನಸಿಯೂ ಒಂದೇ ಖರ್ಚಿನಲ್ಲಿ ಮನೆ ಸೇರುತ್ತವೆ. ದಾನಿಗಳಿಂದ ಹಣ ಕೇಳುವುದಾದರೆ ಈ ಜೀಪಿನ ಬಾಡಿಗೆಗೆ ಕೇಳುವುದು ಅತ್ಯಂತ ಸಮಂಜಸ.

ತುರ್ತು ಸಂದರ್ಭದಲ್ಲಿ ಹತ್ತಿರದ ಯಾವ ಆಸ್ಪತ್ರೆಗಾದರೂ ಸೇರಿಸಬಹುದು. ಆದರೆ ಅದು ಯೋಜನೆಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾಗಿದ್ದರೆ 48 ಗಂಟೆಗಳೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು, ಇಲ್ಲದಿದ್ದರೆ ವೆಚ್ಚ ಮರಳಿ ಪಡೆಯುವುದು ಕಷ್ಟವಾಗುತ್ತದೆ. ಪಾಲಿಕ್ಲಿನಿಕ್‌ನ ಫೋನ್ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಪ್ರತಿ ಮನೆಯ ಗೋಡೆಗೆ ಅಂಟಿಸುವುದು ಸಂಘಕ್ಕೆ ಒಂದು ದಿನದ ಕೆಲಸ.

ಪಿಂಚಣಿಯೇ ಇಲ್ಲದವರು

ಜವಾನರಿಗೆ ಸೇವಾ ಪಿಂಚಣಿ ಸಿಗಲು ಸಾಮಾನ್ಯವಾಗಿ 15 ವರ್ಷಗಳ ಸೇವೆ ಆಗಿರಬೇಕು. ಅದಕ್ಕೆ ಮೊದಲೇ ಹೊರಬಂದವರು, ಮತ್ತು ಅವರ ಪತ್ನಿಯರು, ಮುಪ್ಪಿನಲ್ಲಿ ನಿಜವಾದ ಬಡತನ ಅನುಭವಿಸುತ್ತಾರೆ. ಹವಾಲ್ದಾರ್ ದರ್ಜೆಯವರೆಗಿನ, 65 ವರ್ಷ ದಾಟಿದ, ಪಿಂಚಣಿಯಿಲ್ಲದ ಇಂಥವರಿಗೆ ರಕ್ಷಣಾ ಸಚಿವರ ಮಾಜಿ ಸೈನಿಕರ ಕಲ್ಯಾಣ ನಿಧಿಯಿಂದ ಮಾಸಿಕ ನೆರವಿದೆ. 4,000 ರೂಪಾಯಿ ಇದ್ದ ಈ ಮೊತ್ತವನ್ನು 2025ರ ಅಕ್ಟೋಬರ್‌ನಲ್ಲಿ 8,000 ರೂಪಾಯಿಗೆ ಏರಿಸಲಾಯಿತು. ಆ ವರ್ಷದ ನವೆಂಬರ್ 1ರಿಂದ ಸಲ್ಲಿಕೆಯಾದ ಅರ್ಜಿಗಳಿಗೆ ಹೊಸ ದರ ಅನ್ವಯಿಸುತ್ತದೆ. ಅದೇ ನಿರ್ಧಾರದಲ್ಲಿ ಮಕ್ಕಳ ಶಿಕ್ಷಣ ಮತ್ತು ಹೆಣ್ಣುಮಕ್ಕಳ ಮದುವೆಯ ನೆರವೂ ದುಪ್ಪಟ್ಟಾಯಿತು. ಅರ್ಜಿಯನ್ನು ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ ತುಂಬಬೇಕು. ಅದು ಜಿಲ್ಲಾ ಕಚೇರಿಯ ಪರಿಶೀಲನೆಯ ನಂತರ ಮುಂದಕ್ಕೆ ಹೋಗುತ್ತದೆ. ಊರಿನಲ್ಲಿ ಇಂಥವರು ಒಬ್ಬರೇ ಇದ್ದರೂ ಸಂಘ ಮೊದಲು ಗಮನ ಕೊಡಬೇಕಾದದ್ದು ಅವರಿಗೇ.

ಸಂಘದ ಹಣ ಎಲ್ಲಿಗೆ

ಅರ್ಜಿ ಮಂಜೂರಾಗುವವರೆಗಿನ ದಿನಸಿ, ಮಳೆಗಾಲಕ್ಕೆ ಮುನ್ನ ಹೆಂಚು ಸರಿಪಡಿಸುವುದು, ಬಚ್ಚಲಿಗೆ ಹಿಡಿಕೆ ಹಾಕಿಸುವುದು, ಕನ್ನಡಕ, ಶ್ರವಣ ಸಾಧನ ಇವು ಸರ್ಕಾರಿ ವ್ಯವಸ್ಥೆ ತಡವಾಗಿ ತಲುಪುವ, ಅಥವಾ ತಲುಪದೇ ಇರುವ ಅಗತ್ಯಗಳು. ಕಂಪನಿಗಳ ಕಾಯ್ದೆ 2013ರ ಏಳನೇ ಅನುಸೂಚಿಯಲ್ಲಿ ಮಾಜಿ ಸೈನಿಕರು ಮತ್ತು ಯುದ್ಧದಲ್ಲಿ ಮಡಿದವರ ಪತ್ನಿಯರ ಕಲ್ಯಾಣವೂ ಸೇರಿರುವುದರಿಂದ, ನೋಂದಾಯಿತ ಸಂಘಗಳು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನೂ ಕೇಳಬಹುದು. ನೆರವು ಕೊಡುವಾಗ ಫೋಟೊ ತೆಗೆದು ಹಂಚುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ದಾನಿಗಳಿಗೆ ರಸೀದಿ ಮತ್ತು ಲೆಕ್ಕಪತ್ರ ತೋರಿಸಿದರೆ ಸಾಕು. ಅಕ್ಕಿ ಚೀಲ ಹಿಡಿದು ನಿಂತ ಹಿರಿಯರ ಮುಖ ತೋರಿಸಬೇಕಾಗಿಲ್ಲ.

ಜೊತೆಗಾರಿಕೆಗೆ ಹಣವೇ ಬೇಡ. ಅಶೋಕ ಚಕ್ರ ಪುರಸ್ಕೃತ ಕರ್ನಲ್ ವಿ. ವಸಂತ್ 2007ರಲ್ಲಿ ಹುತಾತ್ಮರಾದ ನಂತರ ಅವರ ಪತ್ನಿ ಸುಭಾಷಿಣಿ ವಸಂತ್ ಬೆಂಗಳೂರಿನಲ್ಲಿ ಕಟ್ಟಿದ ವಸಂತರತ್ನ ಪ್ರತಿಷ್ಠಾನವು ಜವಾನರ ಪತ್ನಿಯರನ್ನು ಒಟ್ಟುಗೂಡಿಸಿ ಅವರಿಗೂ ಅವರ ಮಕ್ಕಳಿಗೂ ಆಸರೆಯಾಗಿ ನಿಂತಿದೆ. ಆ ಪ್ರಮಾಣದಲ್ಲಿ ಆಗದಿದ್ದರೂ, ವಾರಕ್ಕೊಮ್ಮೆ ಒಬ್ಬರು ಹೋಗಿ ಮಾತನಾಡಿಸಿ ಬರುವ ವ್ಯವಸ್ಥೆ ಯಾವ ಹಳ್ಳಿಗೂ ಸಾಧ್ಯ.

ಸೈನಿಕರು ತೀರಿಕೊಂಡಾಗ

ಅಂತ್ಯಕ್ರಿಯೆಗೆ ಊರೇ ಸೇರುತ್ತದೆ. ಸಂಘದ ಕೆಲಸ ಅದರ ಮರುವಾರ ಆರಂಭವಾಗುತ್ತದೆ. ಮರಣ ಪ್ರಮಾಣಪತ್ರದ ಹಲವು ಪ್ರತಿಗಳನ್ನು ಪಡೆದು ಬ್ಯಾಂಕ್, ಸ್ಪರ್ಶ್ ಮತ್ತು ಜಿಲ್ಲಾ ಕಚೇರಿಗೆ ತಿಳಿಸಬೇಕು. ಮರಣದ ನಂತರವೂ ಖಾತೆಗೆ ಬಿದ್ದ ಪಿಂಚಣಿಯನ್ನು ತೆಗೆದು ಖರ್ಚು ಮಾಡಬಾರದೆಂದು ಮನೆಯವರಿಗೆ ಹೇಳಬೇಕು, ಏಕೆಂದರೆ ಅದನ್ನು ಮುಂದೆ ವಸೂಲಿ ಮಾಡುತ್ತಾರೆ. ಕುಟುಂಬ ಪಿಂಚಣಿಯ ಅರ್ಜಿಯ ಜೊತೆಯಲ್ಲೇ ಇಸಿಎಚ್‌ಎಸ್ ಕಾರ್ಡ್, ಕ್ಯಾಂಟೀನ್ ಕಾರ್ಡ್ ಮತ್ತು ಗುರುತಿನ ಚೀಟಿಯನ್ನು ಪತ್ನಿಯ ಹೆಸರಿಗೆ ಮಾಡಿಸಿಕೊಳ್ಳಲು ಬೇಕಾದ ಅರ್ಜಿಗಳನ್ನೂ ಸಲ್ಲಿಸಿ, ಮೊದಲ ಕುಟುಂಬ ಪಿಂಚಣಿ ಅವರ ಖಾತೆಗೆ ಜಮೆಯಾಗುವವರೆಗೆ ಸಂಘದ ಒಬ್ಬರು ಆ ಮನೆಯ ಹೊಣೆ ಹೊತ್ತಿರಬೇಕು.