ಪ್ರೊಸೆಸರ್ ಓವರ್‌ಕ್ಲಾಕ್: ಬೂಟ್ ಆಯಿತೆಂದರೆ ಗೆದ್ದಂತಲ್ಲ

ವಿಂಡೋಸ್ ತೆರೆದುಕೊಂಡಿತು, ಪರದೆಯಲ್ಲಿ 5.3 ಗಿಗಾಹರ್ಟ್ಸ್ ಎಂದು ಕಾಣಿಸಿತು, ಅದರ ಫೋಟೊ ಗೆಳೆಯರಿಗೆ ಹೋಗಿಯೂ ಆಯಿತು. ಓವರ್‌ಕ್ಲಾಕಿಂಗ್ (ಪ್ರೊಸೆಸರನ್ನು ತಯಾರಕರು ಗೊತ್ತುಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು) ಅಂದರೆ ಇಷ್ಟೇ ಎಂದುಕೊಂಡವರ ಕಂಪ್ಯೂಟರುಗಳೇ ಎರಡು ವಾರ ಬಿಟ್ಟು ನನ್ನ ಮೇಜಿಗೆ ಬರುವುದು. ‘ಏನೂ ಮಾಡಿಲ್ಲ, ತಾನಾಗಿಯೇ ರೀಸ್ಟಾರ್ಟ್ ಆಗ್ತಿದೆ’ ಎನ್ನುತ್ತಾರೆ. ಬಯಾಸ್ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ತೆರೆದು ನೋಡಿದರೆ ವೋಲ್ಟೇಜ್ ‘ಆಟೊ’ದಲ್ಲಿ, ಮಲ್ಟಿಪ್ಲೈಯರ್ ಆಕಾಶದಲ್ಲಿ!

ಲೆಕ್ಕ ಸರಳ. ಮೂಲ ವೇಗವಾದ ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್, ಅದನ್ನು ಗುಣಿಸುವ ಮಲ್ಟಿಪ್ಲೈಯರ್ 50. ಗುಣಿಸಿದರೆ 5 ಗಿಗಾಹರ್ಟ್ಸ್. 1998ರ ಸೆಲೆರಾನ್ 300ಎ ಕಾಲದಲ್ಲಿ ಬಸ್ ವೇಗವನ್ನು (ಆಗಿನ ಬೇಸ್ ಕ್ಲಾಕ್) 66ರಿಂದ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಚಿಪ್ 450ರಲ್ಲಿ ಓಡುತ್ತಿತ್ತು. ಆ ಸುಗ್ಗಿ ಮುಗಿಯಿತು. ಇಂದಿನ ಪ್ರೊಸೆಸರುಗಳು ಟರ್ಬೊ ಹೆಸರಿನಲ್ಲಿ ತಮ್ಮ ಶಕ್ತಿಯ ಬಹುಪಾಲನ್ನು ತಾವೇ ಹಿಂಡಿಕೊಂಡಿರುತ್ತವೆ. ನೂರಕ್ಕೆ ಐದರಷ್ಟು ಹೆಚ್ಚು ವೇಗ ಸಿಕ್ಕರೆ ಖುಷಿಪಡಿ. ಬೇಸ್ ಕ್ಲಾಕ್ ಮುಟ್ಟಲು ಹೋಗಬೇಡಿ. ಅದನ್ನು ಎಳೆದರೆ ಬೇರೆ ಭಾಗಗಳೂ ಅದರ ಜೊತೆ ಎಳೆದಾಡುತ್ತವೆ.

ಹಂತ 1: ನಿಮ್ಮ ಯಂತ್ರಕ್ಕೆ ಇದು ಸಾಧ್ಯವೇ?

ಇಂಟೆಲ್ ಆದರೆ ಹೆಸರಿನ ಕೊನೆಯಲ್ಲಿ ಕೆ, ಕೆಎಫ್ ಅಥವಾ ಕೆಎಸ್ ಇರಬೇಕು. ಮದರ್‌ಬೋರ್ಡ್ ಝಡ್ ಸರಣಿಯದಾಗಿರಬೇಕು. ಕೆ ಪ್ರೊಸೆಸರನ್ನು ಬಿ ಸರಣಿಯ ಬೋರ್ಡಿಗೆ ಹಾಕಿಕೊಂಡು ಮಲ್ಟಿಪ್ಲೈಯರ್ ಹುಡುಕುವವರನ್ನು ಕಂಡಾಗ ಪಾಪ ಅನಿಸುತ್ತದೆ. ಎಎಮ್‌ಡಿ ರೈಜನ್‌ನಲ್ಲಿ ಬಹುತೇಕ ಎಲ್ಲವೂ ಮುಕ್ತ. ಆದರೆ 5800ಎಕ್ಸ್3ಡಿಯಂಥ ಕೆಲವಕ್ಕೆ ಬೀಗವಿದೆ, ಎ520ಯಂಥ ಅಗ್ಗದ ಬೋರ್ಡುಗಳಲ್ಲೂ ಆಗದು. ಲ್ಯಾಪ್‌ಟಾಪ್ ಇದ್ದವರು ಇಲ್ಲಿಗೇ ಬಿಟ್ಟುಬಿಡಿ.

ವಾರಂಟಿ ಷರತ್ತನ್ನೂ ಓದಿ. ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

ಕೂಲರ್ ಬಗ್ಗೆ ನನ್ನದು ಹಟದ ಮಾತು: ಪ್ರೊಸೆಸರ್ ಡಬ್ಬಿಯೊಳಗೆ ಪುಕ್ಕಟೆ ಬಂದ ಕೂಲರ್ ಇಟ್ಟುಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ದೊಡ್ಡ ಟವರ್ ಏರ್ ಕೂಲರ್ ಸಾಕು. ಪಂಪ್ ಕೆಡುವ, ನೀರು ಸೋರುವ ಚಿಂತೆ ಅದಕ್ಕಿಲ್ಲ. ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಬಣ್ಣಬಣ್ಣದ ಫ್ಯಾನ್‌ಗಳಿಗೆ ದುಡ್ಡು ಸುರಿದು ಹೆಸರಿಲ್ಲದ ಪವರ್ ಸಪ್ಲೈ ಹಾಕಿಸಿಕೊಳ್ಳುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಹಂತ 2: ಬ್ಯಾಕಪ್

ಮುಖ್ಯ ಕಡತಗಳನ್ನು ಬೇರೆ ಡ್ರೈವ್‌ಗೆ ನಕಲು ಮಾಡಿ, ಆ ಡ್ರೈವ್ ಕಿತ್ತಿಡಿ.

ಹಂತ 3: ಮೊದಲು ಇದ್ದದ್ದನ್ನು ಬರೆದುಕೊಳ್ಳಿ

ತಾಪ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯುಇನ್ಫೊ ತೆರೆದಿಟ್ಟು, ಪ್ರೊಸೆಸರಿನ ಸಾಮರ್ಥ್ಯ ಅಳೆಯುವ ಸಿನೆಬೆಂಚ್ ಅನ್ನು ಹತ್ತು ನಿಮಿಷ ಓಡಿಸಿ. ಅಂಕ, ಗರಿಷ್ಠ ತಾಪಮಾನ, ಎಲ್ಲ ಕೋರ್‌ಗಳೂ (ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕಗಳು) ದುಡಿಯುವಾಗಿನ ವೇಗ, ಆಗಿನ ವೋಲ್ಟೇಜ್, ಈ ನಾಲ್ಕನ್ನೂ ಕಾಗದದಲ್ಲಿ ಗುರುತು ಹಾಕಿ. ಏನನ್ನೂ ಬದಲಿಸದೆಯೇ ತಾಪ 90 ಡಿಗ್ರಿ ದಾಟುತ್ತಿದ್ದರೆ ಓವರ್‌ಕ್ಲಾಕ್ ಮರೆತು, ಕೂಲರ್ ಬಿಚ್ಚಿ ಶಾಖ ದಾಟಿಸುವ ಹೊಸ ಪೇಸ್ಟ್ ಹಚ್ಚಿ.

ವೋಲ್ಟೇಜ್ ನೋಡುವಾಗ ಒಂದು ಮೋಸವಿದೆ. ಪಟ್ಟಿಯಲ್ಲಿ ‘ವಿಐಡಿ’ ಮತ್ತು ‘ವಿಕೋರ್’ ಎಂಬ ಎರಡು ಸಾಲು ಕಾಣುತ್ತವೆ. ವಿಐಡಿ ಎಂದರೆ ಪ್ರೊಸೆಸರ್ ಕೇಳಿದ್ದು. ವಿಕೋರ್ ಎಂದರೆ ಬೋರ್ಡಿನ ಸೆನ್ಸರ್ ಅಳೆದದ್ದು. ನಮಗೆ ಬೇಕಾದದ್ದು ಎರಡನೆಯದು.

ಹಂತ 4: ವೋಲ್ಟೇಜ್, ಎಲ್ಲರೂ ಎಡವುವ ಜಾಗ

ಇಲ್ಲಿ ನಿಧಾನವಾಗಿ ಓದಿ. ಪ್ರೊಸೆಸರ್ ಉಗುಳುವ ಶಾಖ ವೇಗದ ಜೊತೆ ನೇರ ಅನುಪಾತದಲ್ಲಿ ಏರುತ್ತದೆ, ವೋಲ್ಟೇಜ್ ಜೊತೆಗಾದರೋ ವರ್ಗದ ಲೆಕ್ಕದಲ್ಲಿ. ವೋಲ್ಟೇಜನ್ನು 1.20ರಿಂದ 1.35ಕ್ಕೆ ಒಯ್ದರೆ ಹೆಚ್ಚಿಸಿದ್ದು ಎಂಟನೇ ಒಂದು ಭಾಗ, ಆದರೆ ವಿದ್ಯುತ್ ಬಳಕೆ ಸುಮಾರು ಕಾಲು ಭಾಗ ಹೆಚ್ಚು. ವೇಗವೊಂದನ್ನೇ ಸ್ವಲ್ಪ ಜಾಸ್ತಿ ಕೇಳಿದರೆ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ, ಅಷ್ಟೇ. ಚಿಪ್ಪನ್ನು ಸವೆಸುವುದು ವೋಲ್ಟೇಜ್ ಮತ್ತು ಶಾಖ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಚಿಪ್‌ಗಳು ಓವರ್‌ಕ್ಲಾಕ್ ಇಲ್ಲದೆಯೇ ಹೆಚ್ಚಿನ ವೋಲ್ಟೇಜ್‌ನಿಂದ ಅಸ್ಥಿರವಾದದ್ದು, 2024ರಲ್ಲಿ ಕಂಪನಿ ಮೈಕ್ರೊಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳು) ತಿದ್ದುಪಡಿ ತಂದು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿದ್ದು ನೆನಪಿರಲಿ. ಅಂಥ ಪ್ರೊಸೆಸರ್ ಇದ್ದವರು ಮೊದಲು ಬಯಾಸ್ ಅಪ್‌ಡೇಟ್ ಮಾಡಿಯೇ ಮುಂದೆ ಓದಿ.

‘ಆಟೊ’ ಇಟ್ಟು ಮಲ್ಟಿಪ್ಲೈಯರ್ ಏರಿಸುವುದೇ ಮೊದಲ ತಪ್ಪು. ಕ್ರ್ಯಾಶ್ ಆಗಬಾರದೆಂದು ಬೋರ್ಡ್ ಬೇಕಾದ್ದಕ್ಕಿಂತ ಧಾರಾಳವಾಗಿ ವೋಲ್ಟೇಜ್ ಸುರಿಯುತ್ತದೆ. ಬೋರ್ಡ್ ತಯಾರಕರು ಕೊಡುವ ‘ಒಂದೇ ಕ್ಲಿಕ್‌ಗೆ ಓವರ್‌ಕ್ಲಾಕ್’ ಗುಂಡಿಗಳದ್ದೂ ಇದೇ ಗುಣ. ವಿಂಡೋಸ್ ಒಳಗಿನಿಂದ ಓವರ್‌ಕ್ಲಾಕ್ ಮಾಡಿಕೊಡುವ ಆ್ಯಪ್‌ಗಳನ್ನು ನಾನು ಇನ್‌ಸ್ಟಾಲ್ ಸಹ ಮಾಡುವುದಿಲ್ಲ. ಬಯಾಸ್‌ನಲ್ಲಿ ಒಂದು, ಆ್ಯಪ್‌ನಲ್ಲಿ ಇನ್ನೊಂದು ಎಂದಾದರೆ ಯಾವುದು ಗೆದ್ದಿತೆಂದು ಹುಡುಕುತ್ತ ಕೂರಬೇಕು.

ಆದ್ದರಿಂದ ವೋಲ್ಟೇಜ್ ‘ಮ್ಯಾನುಯಲ್’ಗೆ ಹಾಕಿ 1.20ರಿಂದ ಶುರುಮಾಡಿ. ಹೊಸಬರಿಗೆ ನಾನು ಎಳೆಯುವ ಗೆರೆ 1.30. ಅದಕ್ಕಿಂತ ಮೇಲೆ ಹೋದವರು ಇಲ್ಲವೆಂದಲ್ಲ. ಅವರು ನಿಮ್ಮ ಪ್ರೊಸೆಸರಿಗೆ ದುಡ್ಡು ಕೊಡುವುದಿಲ್ಲ.

ಇನ್ನು ಲೋಡ್ ಲೈನ್ ಕ್ಯಾಲಿಬ್ರೇಶನ್. ಬಯಾಸ್‌ನಲ್ಲಿ 1.25 ಇಟ್ಟರೂ ಪ್ರೊಸೆಸರ್ ಪೂರ್ತಿ ದುಡಿಯುವಾಗ ವಿಕೋರ್ 1.19ಕ್ಕೆ ಇಳಿದಿರಬಹುದು. ಅದು ದೋಷವಲ್ಲ, ಬೇಕೆಂದೇ ಇಟ್ಟ ಕುಸಿತ. ಈ ಕುಸಿತವನ್ನು ಎಷ್ಟು ತಡೆಯಬೇಕೆಂದು ಹೇಳುವುದೇ ಈ ಆಯ್ಕೆ. ಪೂರ್ತಿ ತಡೆದುಬಿಟ್ಟರೆ ಭಾರ ಥಟ್ಟನೆ ಇಳಿದ ಕ್ಷಣದಲ್ಲಿ ವೋಲ್ಟೇಜ್ ನೀವಿಟ್ಟ ಗೆರೆಯನ್ನೂ ದಾಟಿ ಜಿಗಿಯುತ್ತದೆ. ಆ ಜಿಗಿತ ಸಾಫ್ಟ್‌ವೇರ್‌ಗೆ ಕಾಣುವುದೂ ಇಲ್ಲ. ನಡುವಿನ ಹಂತ ಆರಿಸಿ. ಆದರೆ ಸಂಖ್ಯೆ ನಂಬಬೇಡಿ: ಕೆಲವು ಬೋರ್ಡುಗಳಲ್ಲಿ 1 ಎಂದರೆ ಅತಿ ಸೌಮ್ಯ, ಇನ್ನು ಕೆಲವುದರಲ್ಲಿ 1 ಎಂದರೆ ಅತಿ ಉಗ್ರ. ಪಕ್ಕದಲ್ಲಿ ಬರುವ ಗೆರೆಚಿತ್ರ ಅಥವಾ ಕೈಪಿಡಿ ನೋಡಿ. ವಿಡಿಯೊ ನೋಡಿ ಬೇರೆ ಬೋರ್ಡಿನ ಸಂಖ್ಯೆಯನ್ನು ನಕಲು ಮಾಡಿದವರೇ ಇಲ್ಲಿ ಹೆಚ್ಚು ಕೈ ಸುಟ್ಟುಕೊಳ್ಳುವುದು.

ಬಯಾಸ್‌ನಿಂದ ಹೊರಬರುವಾಗ ಬದಲಾವಣೆಗಳ ಪಟ್ಟಿ ಬರುತ್ತದೆ. ಕಣ್ಣು ಮುಚ್ಚಿ ಎಂಟರ್ ಒತ್ತಬೇಡಿ. ಒಮ್ಮೆ ನಾನು 1.25 ಎಂದು ಬೆರಳಿಟ್ಟದ್ದು 1.52 ಆಗಿತ್ತು. ಹಿಡಿದುಕೊಟ್ಟದ್ದು ಆ ಪಟ್ಟಿಯೇ.

ಹಂತ 5: ಏರಿಸುವುದು

ಹಂತ 3ರಲ್ಲಿ ಬರೆದಿಟ್ಟ ಎಲ್ಲ ಕೋರ್‌ಗಳ ವೇಗಕ್ಕೆ ಒಂದೇ ಒಂದು ಮಲ್ಟಿಪ್ಲೈಯರ್ ಸೇರಿಸಿ. ಮೆಮೊರಿಯ ವೇಗ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆಯ್ಕೆ ಸದ್ಯಕ್ಕೆ ಬಂದ್ ಇರಲಿ, ಇಲ್ಲದಿದ್ದರೆ ತಪ್ಪು ಯಾರದ್ದೆಂದು ತಿಳಿಯುವುದಿಲ್ಲ. ಬೂಟ್ ಮಾಡಿ, ಹತ್ತು ನಿಮಿಷ ಸಿನೆಬೆಂಚ್. ಪಾಸಾದರೆ ಇನ್ನೊಂದು. ಬಿದ್ದರೆ ವೋಲ್ಟೇಜ್ 0.01 ಅಥವಾ 0.02 ಏರಿಸಿ ಮತ್ತೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ವೋಲ್ಟೇಜ್ 1.30 ಮುಟ್ಟಿದಾಗ ಅಥವಾ ತಾಪ 85 ಡಿಗ್ರಿ ದಾಟಿದಾಗ, ಯಾವುದು ಮೊದಲೋ ಅಲ್ಲಿಗೆ ನಿಲ್ಲಿಸಿ.

ಕಂಪ್ಯೂಟರ್ ಏಳಲೇ ಇಲ್ಲವೆಂದರೆ ಗಾಬರಿ ಬೇಡ. ಸ್ವಿಚ್ ಆರಿಸಿ, ಪವರ್ ಕೇಬಲ್ ಕಿತ್ತು, ಬಯಾಸ್ ಸೆಟ್ಟಿಂಗ್‌ಗಳನ್ನು ಅಳಿಸುವ ಬೋರ್ಡಿನ ಸಿಮಾಸ್ ಜಂಪರ್ (ಪಿನ್ ಜೋಡಿಸುವ ಪುಟ್ಟ ಕೊಂಡಿ) ಅಥವಾ ಗುಂಡಿ ಬಳಸಿ. ಇಲ್ಲದಿದ್ದರೆ ನಾಣ್ಯದಂಥ ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಎಲ್ಲವೂ ಮೊದಲಿನಂತಾಗುತ್ತದೆ.

ರೈಜನ್ ಬಳಗಕ್ಕೆ ಬೇರೆ ದಾರಿ

ರೈಜನ್‌ನಲ್ಲಿ ಎಲ್ಲ ಕೋರ್‌ಗಳನ್ನೂ ಒಂದೇ ವೇಗಕ್ಕೆ ಕಟ್ಟಿಹಾಕುವುದು ನನಗೆ ಸೇರದು. 5600ಎಕ್ಸ್ ತಾನಾಗಿಯೇ ಒಂಟಿ ಕೋರ್‌ನಲ್ಲಿ 4.6 ಗಿಗಾಹರ್ಟ್ಸ್ ಮುಟ್ಟುತ್ತದೆ. ಅದನ್ನು 4.5ಕ್ಕೆ ಕಟ್ಟಿದರೆ ಒಂಟಿ ಕೋರ್ ಬೇಡುವ ಕೆಲಸಗಳಲ್ಲಿ ಇದ್ದದ್ದನ್ನೂ ಕಳೆದುಕೊಂಡಿರಿ. ಬದಲಿಗೆ ಬಯಾಸ್‌ನಲ್ಲಿ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ (ವಿದ್ಯುತ್ ಮಿತಿ ಸಡಿಲಿಸುವ ಆಯ್ಕೆ) ಸಕ್ರಿಯಗೊಳಿಸಿ, ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲ ಕೋರ್‌ಗಳಿಗೂ ‘ನೆಗೆಟಿವ್ 10’ ಕೊಟ್ಟು ನೋಡಿ. ಕಡಿಮೆ ವೋಲ್ಟೇಜ್‌ನಲ್ಲಿ ತಂಪಾಗಿ ಓಡುವ ಚಿಪ್, ಉಳಿದ ಅವಕಾಶದಲ್ಲಿ ತಾನೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಎಚ್ಚರ, ಇಲ್ಲಿನ ಅಸ್ಥಿರತೆ ಭಾರ ಹೊತ್ತಾಗ ಕಾಣಿಸದೆ, ಸುಮ್ಮನೆ ಬ್ರೌಸರ್ ತೆರೆದಿಟ್ಟಾಗ ಕಾಣಿಸಬಹುದು. ಒಂಟಿ ಕೋರ್ ಅತಿ ಎತ್ತರದ ವೇಗಕ್ಕೆ ಜಿಗಿಯುವುದು ಆಗಲೇ.

ಹಂತ 6: ನಿಜವಾದ ಪರೀಕ್ಷೆ

ಹತ್ತು ನಿಮಿಷದ ಸಿನೆಬೆಂಚ್ ದಾರಿ ತೋರಿಸಲಿಕ್ಕೆ ಮಾತ್ರ. ಕೊನೆಯ ಸಂಖ್ಯೆಗಳು ಸಿಕ್ಕ ಮೇಲೆ ಮಲ್ಟಿಪ್ಲೈಯರ್ ಒಂದು ಮೆಟ್ಟಿಲು ಇಳಿಸಿ (ಹೌದು, ಇಳಿಸಿ), ಪ್ರೊಸೆಸರ್ ಮೇಲೆ ಪೂರ್ತಿ ಭಾರ ಹೇರುವ ಒಸಿಸಿಟಿ ಅಥವಾ ಪ್ರೈಮ್95 ಅನ್ನು ಕನಿಷ್ಠ ಎರಡು ಗಂಟೆ ಓಡಿಸಿ. ಪ್ರೈಮ್95ರ ‘ಸ್ಮಾಲ್ ಎಫ್‌ಎಫ್‌ಟಿ’ ಪರೀಕ್ಷೆ ಮಹಾ ಉಗ್ರ. ಮೊದಲ ಐದು ನಿಮಿಷ ತಾಪಮಾನದ ಮುಂದಿನಿಂದ ಏಳಬೇಡಿ. ನೀಲಿ ಪರದೆ ಬಂದರಷ್ಟೇ ಸೋಲು ಎಂದುಕೊಳ್ಳಬೇಡಿ. ಪರೀಕ್ಷೆಯ ಒಂದು ವರ್ಕರ್ (ಕೋರ್‌ಗೆ ಹಂಚಿದ ಕೆಲಸದ ತುಂಡು) ಸದ್ದಿಲ್ಲದೆ ನಿಂತರೂ ಸೋಲು. ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ‘ವ್ಹಿಯಾ’ (ಹಾರ್ಡ್‌ವೇರ್ ದೋಷದ) ಎರರ್ ಒಂದೇ ಒಂದು ದಾಖಲಾದರೂ ಸೋಲು. ವೇಗ ಏರಿಯೂ ಅಂಕ ಇಳಿದಿದ್ದರೆ ಪ್ರೊಸೆಸರ್ ಬಿಸಿಗೆ ತಾನೇ ಹಿಂಜರಿಯುತ್ತಿದೆ ಎಂದರ್ಥ.

ಇಷ್ಟು ಹಟ ಏಕೆಂದರೆ, ಅಸ್ಥಿರ ಯಂತ್ರ ಲೆಕ್ಕ ತಪ್ಪುತ್ತದೆ, ತಪ್ಪಿದ ಲೆಕ್ಕವನ್ನೇ ಡಿಸ್ಕ್‌ಗೆ ಬರೆಯುತ್ತದೆ. ನನ್ನ ಗೆಳೆಯರೊಬ್ಬರ ಯಂತ್ರ ಆಟಗಳನ್ನು ಚೆನ್ನಾಗಿಯೇ ಆಡಿಸುತ್ತಿತ್ತು. ಅವರು ಮಾಡಿಟ್ಟ ಜಿಪ್ ಕಡತಗಳು ಮಾತ್ರ ತೆರೆಯುತ್ತಿರಲಿಲ್ಲ. ತಿಂಗಳುಗಟ್ಟಲೆ ಹಾರ್ಡ್ ಡಿಸ್ಕನ್ನೇ ಬೈದುಕೊಂಡರು.

ಹಂತ 7: ಮನೆಗೆಲಸ

ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಮತ್ತೆ ಆನ್ ಮಾಡಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ಸುತ್ತು ಮುಗಿಸಿ, ಪ್ರೊಸೆಸರ್ ಪರೀಕ್ಷೆಯನ್ನೂ ಪುನಃ ಮಾಡಿ. ಮ್ಯಾನುಯಲ್ ವೋಲ್ಟೇಜನ್ನು ‘ಅಡಾಪ್ಟಿವ್’ಗೆ ಬದಲಿಸಿಕೊಂಡರೆ ಸುಮ್ಮನಿರುವಾಗ ತಾನೇ ಇಳಿಯುತ್ತದೆ. ಬದಲಿಸಿದ ಮೇಲೆ ಭಾರ ಹೊತ್ತಾಗಿನ ವಿಕೋರ್ ಮೊದಲಿನಷ್ಟೇ ಇದೆಯೇ ಎಂದು ಖಾತ್ರಿಪಡಿಸಿಕೊಳ್ಳಿ. ಸೆಖೆ ಏರಿದ ದಿನ ಇನ್ನೊಮ್ಮೆ ಪರೀಕ್ಷಿಸಿ. ತಣ್ಣನೆಯ ರಾತ್ರಿ ಪಾಸಾದದ್ದು ಸುಡು ಮಧ್ಯಾಹ್ನ ಫೇಲಾಗುವುದುಂಟು.

ಬಯಾಸ್‌ನಲ್ಲಿ ಪ್ರೊಫೈಲ್ ಆಗಿ ಉಳಿಸಿಡಿ. ಜೊತೆಗೆ ಪ್ರತಿ ಪರದೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದಿನ ಬಯಾಸ್ ಅಪ್‌ಡೇಟ್ ಆ ಪ್ರೊಫೈಲನ್ನೂ ಅಳಿಸಿಹಾಕಬಹುದು.