ನಕ್ಷತ್ರ ನೋಡಲು ಹೋಗುವ ಮುನ್ನ ಒಂದಿಷ್ಟು ಸಲಹೆ

ದೂರದರ್ಶಕದಲ್ಲಿ ಆಕಾಶ ತೋರಿಸುವ ಉಚಿತ ಖಗೋಳ ದಿನಕ್ಕೆ ಮಕ್ಕಳನ್ನು ಕರೆದುಕೊಂಡು ಹೊರಟಿದ್ದೀರಾ? ಕತ್ತಲಾಗುತ್ತಿದ್ದಂತೆ ಮೊಬೈಲ್ ಒಳಗಿಡಿ. ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಮ್ಮೆ ಸ್ಕ್ರೀನ್ ಬೆಳಕು ಬಿದ್ದರೆ ನಿಮ್ಮದಷ್ಟೇ ಅಲ್ಲ, ಸರದಿಯಲ್ಲಿ ನಿಂತ ಅಕ್ಕಪಕ್ಕದವರ ಕಾಯುವಿಕೆಯೂ ವ್ಯರ್ಥ. ಟಾರ್ಚ್ ಬೇಕೇ ಬೇಕೆಂದರೆ ಅದರ ಬಾಯಿಗೆ ಕೆಂಪು ಕಾಗದ ಕಟ್ಟಿ. ಮಂದವಾದ ಕೆಂಪು ಬೆಳಕಿನಿಂದ ಕಣ್ಣಿಗೆ ಅಷ್ಟು ತೊಂದರೆಯಾಗುವುದಿಲ್ಲ.

ದೂರದರ್ಶಕವನ್ನು ಕೈಯಿಂದ ಹಿಡಿಯಬೇಡಿ, ಚೂರು ಅಲುಗಿದರೂ ಗ್ರಹ ನೋಟದಿಂದ ಜಾರಿಹೋಗುತ್ತದೆ. ಅವಸರವೂ ಬೇಡ. ಗುರುಗ್ರಹದ ಆಚೀಚೆ ಸಾಲಾಗಿ ಚುಕ್ಕಿಗಳು ಕಂಡರೆ, ಅವು 1610ರಲ್ಲಿ ಗೆಲಿಲಿಯೊ ಕಂಡ ಅದೇ ನಾಲ್ಕು ಚಂದ್ರರು! ನಾಲ್ಕೂ ಕಾಣದಿದ್ದರೆ ಒಂದು ಗ್ರಹದ ಹಿಂದೆಯೋ ಮುಂದೆಯೋ ಇರಬಹುದು, ಒಂದು ಗಂಟೆ ಬಿಟ್ಟು ಮತ್ತೆ ಸರದಿ ಹಿಡಿಯಿರಿ. ಆಂಡ್ರೊಮಿಡಾದಂಥ ಮಸುಕಾದ ಗ್ಯಾಲಕ್ಸಿಯನ್ನು ನೇರವಾಗಿ ದಿಟ್ಟಿಸದೆ ತುಸು ಪಕ್ಕಕ್ಕೆ ನೋಡಿ, ಓರೆನೋಟಕ್ಕೇ ಅದು ಚೆನ್ನಾಗಿ ಸಿಗುವುದು. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷವಾಯಿತು ಎಂದು ಮಕ್ಕಳಿಗೆ ಹೇಳಿ, ಆಗ ಅವರ ಮುಖ ನೋಡಬೇಕು.

ಚಂದ್ರನ ಕುಳಿಗಳನ್ನು ನೋಡಲು ಹುಣ್ಣಿಮೆಗಿಂತ ಅರ್ಧಚಂದ್ರನೇ ಮೇಲು, ಆಗ ನೆರಳು ಉದ್ದವಾಗಿದ್ದು ಕುಳಿಗಳು ಎದ್ದು ಕಾಣುತ್ತವೆ.

ಹಗಲಲ್ಲಿ ಸೂರ್ಯನನ್ನು ತೋರಿಸುತ್ತಿದ್ದರೆ ದಯವಿಟ್ಟು ಎಚ್ಚರ. ದೂರದರ್ಶಕದ ಮುಂಭಾಗಕ್ಕೆ ಸೌರ ಫಿಲ್ಟರ್ ಹಾಕಿದ್ದಾರೆಯೇ ಎಂದು ಕೇಳಿಯೇ ಇಣುಕಿ. ಗ್ರಹಣದ ಕನ್ನಡಕ ಹಾಕಿಕೊಂಡು ದೂರದರ್ಶಕದಲ್ಲಿ ನೋಡುವುದಂತೂ ಬೇಡವೇ ಬೇಡ, ಕ್ಷಣದಲ್ಲೇ ಕಣ್ಣು ಹೋದೀತು.